‘ಉದಯರವಿ’ಯ ಯಜಮಾನರು

ಕುವೆಂಪು ಅಂದ ಕೂಡಲೇ ನಮಗೆ ನೆನಪಾಗುವುದು ನಾಡಗೀತೆ, ಶಾಲೆಯ ಪಠ್ಯಪುಸ್ತಕ, ಬಿಳಿಯ ಜುಬ್ಬ, ಬೆಳ್ಳಿಯಂಥ ಕೂದಲು. ಅವರು ಗಂಡನಾಗಿ ಹೇಗಿದ್ದರು, ನಾಲ್ಕು ಮಕ್ಕಳ ತಂದೆಯಾಗಿ ಹೇಗಿದ್ದರು ಅಂತ ಯಾರೂ ಪರೀಕ್ಷೆಯಲ್ಲಿ ಕೇಳುವುದಿಲ್ಲ. ಆದರೆ ನಾವು ಹೆಂಗಸರು ಮೊದಲು ಕೇಳುವುದು ಅದನ್ನೇ ಅಲ್ಲವೆ? ಹೊರಗೆ ಹಾರ ತುರಾಯಿ ಹಾಕಿಸಿಕೊಂಡವರೆಲ್ಲ ಮನೆಯ ಹೊಸಿಲೊಳಗೆ ದೊಡ್ಡವರಾಗಿಯೇ ಇರುತ್ತಾರೆ ಅಂತೇನೂ ಇಲ್ಲ.

ನೋಡಿ, ಇವರು ಸಂಸಾರಿಯಾದದ್ದೇ ಒಂದು ಆಶ್ಚರ್ಯ. 1904ರ ಡಿಸೆಂಬರ್ 29ರಂದು ಹಿರೇಕೊಡಿಗೆಯಲ್ಲಿ ತಾಯಿಯ ತವರಿನಲ್ಲಿ ಹುಟ್ಟಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಪುಟ್ಟಪ್ಪ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ. ಓದಲು ಮೈಸೂರಿಗೆ ಬಂದವರಿಗೆ ಅಲ್ಲಿಯ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರ ಆಸರೆ ಸಿಕ್ಕಿತು. ಆಶ್ರಮವೇ ಮನೆಯಾಯಿತು. 1929ರಲ್ಲಿ ಅವರೊಂದಿಗೆ ಬೇಲೂರು ಮಠಕ್ಕೆ ಹೋಗಿ, ಪರಮಹಂಸರ ನೇರ ಶಿಷ್ಯರಾದ ಸ್ವಾಮಿ ಶಿವಾನಂದರಿಂದ ಮಂತ್ರದೀಕ್ಷೆ ಪಡೆದರು. ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ, ಆಶ್ರಮದ ವಾಸ, ಧ್ಯಾನ, ಬರವಣಿಗೆ. ಇವರು ಇಂದಲ್ಲ ನಾಳೆ ಕಾವಿ ಉಡುತ್ತಾರೆ ಅಂತ ಯಾರಿಗೆ ಅನ್ನಿಸಿದ್ದರೂ ತಪ್ಪೇನಿಲ್ಲ.

ಹಾಗಾಗಲಿಲ್ಲ. 1937ರ ಏಪ್ರಿಲ್ 30ರಂದು, 32ನೆಯ ವಯಸ್ಸಿನಲ್ಲಿ, ದೇವಂಗಿಯ ರಾಮಣ್ಣಗೌಡರ ಮಗಳು ಹೇಮಾವತಿಯವರ ಕೈ ಹಿಡಿದರು. ಆ ಕಾಲಕ್ಕೆ ಅದು ತಡವಾದ ಮದುವೆಯೇ. ಆದರೆ ಹಿಡಿದ ಮೇಲೆ ಅರೆಮನಸ್ಸಿನ ಸಂಸಾರ ಮಾಡಲಿಲ್ಲ. ಮನಸ್ಸೆಲ್ಲ ಮಠದಲ್ಲಿಟ್ಟು ಮೈ ಮಾತ್ರ ಮನೆಯಲ್ಲಿಟ್ಟುಕೊಂಡ ಗಂಡಂದಿರನ್ನು ನಾವು ನೋಡಿಲ್ಲವೆ? ಇವರು ಅಂಥವರಲ್ಲ. ಮನೆಯೇ ತಪಸ್ಸಿನ ಜಾಗ ಅಂತ ತಿಳಿದರು. ‘ಜೇನಾಗುವ’ ಎಂಬ ಅವರ ಕವನಸಂಕಲನ ನಿಮ್ಮೂರಿನ ಗ್ರಂಥಾಲಯದಲ್ಲಿ ಸಿಕ್ಕರೆ ತಂದು ಓದಿ. ಗಂಡ ಹೆಂಡತಿಯ ಒಲವನ್ನು ಮುಚ್ಚುಮರೆಯಿಲ್ಲದೆ, ಆದರೆ ಎಷ್ಟು ಗೌರವದಿಂದ ಹಾಡಿದ್ದಾರೆ! ಹೆಂಡತಿಯನ್ನು ಹೊಗಳಿದರೆ ಜನ ಏನಂತಾರೋ ಅಂತ ಗಂಡಸರು ಅಂಜುತ್ತಿದ್ದ ಕಾಲ ಅದು. (ಈಗಲೂ ಅಂಜುವವರಿದ್ದಾರೆ, ಬಿಡಿ!)

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಅವರು ಕಟ್ಟಿಸಿದ ಮನೆಗೆ ‘ಉದಯರವಿ’ ಎಂದು ಹೆಸರಿಟ್ಟರು. ಮಕ್ಕಳಿಗೆ ಇಟ್ಟ ಹೆಸರುಗಳನ್ನು ಕೇಳಿ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಮನೆಗೆ ಸೂರ್ಯ, ಹಿರಿಮಗನಿಗೆ ಹುಣ್ಣಿಮೆ ಚಂದ್ರ, ಕಿರಿಯವನಿಗೆ ಕೋಗಿಲೆ ಕೂಗುವ ಚೈತ್ರ. ಮಗು ಹುಟ್ಟಿದಾಗ ಕ್ಯಾಲೆಂಡರ್ ನೋಡಿ ಒಂದು ಹೆಸರು ಹಚ್ಚಿಬಿಡುವ ತಂದೆಯಲ್ಲ ಅನ್ನುವುದು ಇಷ್ಟರಿಂದಲೇ ತಿಳಿಯುತ್ತೆ.

‘ಶ್ರೀ ರಾಮಾಯಣ ದರ್ಶನಂ’ ಬರೆಯಲು ಅವರಿಗೆ ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯಿತು, ಪ್ರಕಟವಾದದ್ದು 1949ರಲ್ಲಿ. ಲೆಕ್ಕ ಹಾಕಿ ನೋಡಿ. ಹೊಸ ಸಂಸಾರ, 1938ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ತೇಜಸ್ವಿ, ಆಮೇಲಿನ ಮಕ್ಕಳು, ಅಳು, ಜ್ವರ, ಕೆಮ್ಮು, ಯುದ್ಧಕಾಲದ ರೇಷನ್ನು, ಎಲ್ಲವೂ ಆ ಹತ್ತು ವರ್ಷದೊಳಗೇ ಬಂದವು. 22,000ಕ್ಕೂ ಹೆಚ್ಚು ಸಾಲಿನ ಕಾವ್ಯ ಬರೆದವರು ಕುವೆಂಪು, ಸರಿ. ಆ ಹೊತ್ತಿನಲ್ಲಿ ಮನೆ ತೂಗಿಸಿದವರು ಯಾರು? ಹೇಮಾವತಿಯವರಿಗೆ ಜ್ಞಾನಪೀಠದಲ್ಲಿ ಪಾಲಿದೆ ಅಂತ ನಾನಂತೂ ನಂಬಿದ್ದೇನೆ. ಆ ಕಾವ್ಯದಲ್ಲಿ ಸೀತೆ ಬೆಂಕಿಗೆ ಇಳಿದಾಗ ರಾಮನೂ ಜೊತೆಗೆ ಇಳಿಯುತ್ತಾನೆ. ಹದಿನಾಲ್ಕು ವರ್ಷ ಒಬ್ಬಳೇ ಕಾದ ಊರ್ಮಿಳೆ ತಪಸ್ವಿನಿಯಾಗುತ್ತಾಳೆ. ಎಲ್ಲರೂ ಬೈಯುವ ಮಂಥರೆಯಲ್ಲೂ ಕವಿ ಮಮತೆಯನ್ನೇ ಕಾಣುತ್ತಾರೆ. ಮನೆಯಲ್ಲಿ ಹೆಣ್ಣಿನ ಕಷ್ಟ ಕಂಡ ಕಣ್ಣಿಗಲ್ಲದೆ ಇದು ಹೊಳೆಯುವುದು ಕಷ್ಟ.

ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ‘ಅಣ್ಣ’ ಅಂತ. ಮಲೆನಾಡಿನ ಕೆಲವು ಮನೆಗಳಲ್ಲಿ ಅಪ್ಪನೇ ಅಣ್ಣ. ತೇಜಸ್ವಿಯವರ ‘ಅಣ್ಣನ ನೆನಪು’ ಪುಸ್ತಕವನ್ನು ಅಂಗಡಿಯಲ್ಲಿ ನೋಡಿ, ಇವರಿಗೆ ಹಿರಿಯ ಸೋದರ ಬೇರೆ ಇದ್ದರೆ ಅಂತ ಕೇಳಿದವರೂ ಉಂಟು! 1996ರಲ್ಲಿ ಬಂದ ಈ ಪುಸ್ತಕ ಹೊಗಳುಭಟರ ಪುಸ್ತಕವಲ್ಲ. ತುಂಟ ಮಗನೊಬ್ಬ ತನ್ನ ಕಿತಾಪತಿಗಳನ್ನೂ ತಂದೆಯ ಪೇಚಾಟವನ್ನೂ ನಗುನಗುತ್ತಾ ಹೇಳಿಕೊಂಡದ್ದು. ಮಗಳು ತಾರಿಣಿಯವರೂ ‘ಮಗಳು ಕಂಡ ಕುವೆಂಪು’ ಬರೆದಿದ್ದಾರೆ. ಮಗ ಒಂದು, ಮಗಳು ಒಂದು, ತಂದೆಯ ಮೇಲೆ ಪ್ರೀತಿಯಿಂದ ಪುಸ್ತಕ ಬರೆದರೆಂದರೆ ಆ ಮನೆಯ ಗಾಳಿ ಹೇಗಿತ್ತೆಂದು ಬೇರೆ ಹೇಳಬೇಕೆ?

ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಮಾನಸಗಂಗೋತ್ರಿ ಅವರ ಕನಸು. ಅಂಥವರ ಹಿರಿಮಗ ಕನ್ನಡ ಎಂ.ಎ. ಮುಗಿಸಿ, ಕೆಲಸಕ್ಕೆ ಹೋಗುವುದಿಲ್ಲ, ಕಾಫಿ ತೋಟ ಮಾಡುತ್ತೇನೆ ಅಂತ ಮೂಡಿಗೆರೆಯ ಕಾಡಿನ ಕಡೆ ಹೊರಟರೆ! ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದಕ್ಕೆ ಒಲೆ ಹಚ್ಚದೆ ಕೂತಾರು, ಯೋಚಿಸಿ. ಮಗ ತನ್ನ ದಾರಿ ಹಿಡಿದ. ತಂದೆ ಮಗನ ಸಂಬಂಧ ಅದರಿಂದ ಹರಿಯಲಿಲ್ಲ.

ಈ ಮಗನ ಮದುವೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. 1966ರ ನವೆಂಬರಿನಲ್ಲಿ ತೇಜಸ್ವಿ, ರಾಜೇಶ್ವರಿಯವರ ಮದುವೆ ನಡೆಯಿತು. ವರದಕ್ಷಿಣೆಯಿಲ್ಲ, ವಾಲಗವಿಲ್ಲ, ಪುರೋಹಿತರಿಲ್ಲ, ಜಾತಕ ಮುಹೂರ್ತದ ಗೊಡವೆಯಿಲ್ಲ. ವೇದ, ಉಪನಿಷತ್ತು ಮುಂತಾದವುಗಳಿಂದ ಆರಿಸಿದ ಮಾತುಗಳು ಮತ್ತು ವಧೂವರರು ಅರ್ಥ ತಿಳಿದು ಒಪ್ಪುವ ಪ್ರತಿಜ್ಞೆ, ಅಷ್ಟೆ. ಇದನ್ನೇ ಕುವೆಂಪು ‘ಮಂತ್ರ ಮಾಂಗಲ್ಯ’ ಎಂದು ಚಿಕ್ಕ ಪುಸ್ತಕವಾಗಿ ಕೊಟ್ಟರು. ಸಾಲ ಮಾಡಿ ಹೆಣ್ಣುಮಕ್ಕಳ ಮದುವೆ ಮಾಡಿದ ತಾಯಂದಿರಿಗೆ ಇದರ ಬೆಲೆ ಗೊತ್ತು. ಛತ್ರ, ಊಟ, ಬೀಗರಿಗೆ ಬಟ್ಟೆ, ಬಳೆ, ಉಂಗುರ ಅಂತ ಪಟ್ಟಿ ಬೆಳೆಯುತ್ತಾ ಹೋದ ಹಾಗೆ ಮನೆಯ ಯಜಮಾನರ ಮುಖ ಬಾಡುವುದನ್ನು ನಾವು ಕಂಡಿದ್ದೇವೆ. ವೇದಿಕೆಯ ಮೇಲೆ ಸರಳ ವಿವಾಹದ ಭಾಷಣ ಬಿಗಿದು, ಸ್ವಂತ ಮಗನ ಸರದಿ ಬಂದಾಗ ‘ಹೆಂಗಸರು ಕೇಳೋದಿಲ್ಲ, ಏನು ಮಾಡಲಿ’ ಅಂತ ನಮ್ಮ ಮೇಲೆ ಹಾಕುವ ದೊಡ್ಡ ಮನುಷ್ಯರಿಗೆ ಬರವಿಲ್ಲ. ಇವರು ಮೊದಲು ತಮ್ಮ ಮನೆಯಲ್ಲೇ ಮಾಡಿ ತೋರಿಸಿದರು. ಈಗಲೂ ನಾಡಿನಲ್ಲಿ ಅಲ್ಲೊಂದು ಇಲ್ಲೊಂದು ಮಂತ್ರ ಮಾಂಗಲ್ಯ ನಡೆಯುತ್ತಲೇ ಇದೆ. ಇನ್ನಷ್ಟು ನಡೆದರೆ ಚೆನ್ನಿತ್ತು ಅಂತ ನನ್ನ ಆಸೆ.

ಮಕ್ಕಳು ದೊಡ್ಡವರಾಗಿ, ಕುವೆಂಪು ಮೊಮ್ಮಕ್ಕಳನ್ನು ಕಂಡ ತಾತನಾದರು. ಪ್ರಶಸ್ತಿಗಳು ಮನೆಯ ಬಾಗಿಲಿಗೇ ಬಂದವು. ಕೊನೆಗಾಲದಲ್ಲಿ ಮಗಳು ತಾರಿಣಿ, ಅಳಿಯ ಚಿದಾನಂದ ಗೌಡರ ಆರೈಕೆ ಅವರಿಗಿತ್ತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವರ್ಷಗಟ್ಟಲೆ ತಿರುಗಾಡಿದ ಕಾಲು ಸೋತಿತ್ತು. 1994ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕಣ್ಣು ಮುಚ್ಚಿದಾಗ ತೊಂಬತ್ತು ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ.

ಅವರನ್ನು ಮಣ್ಣು ಮಾಡಲು ಕುಪ್ಪಳಿಗೇ ಒಯ್ದರು. ಮನೆಯ ಹಿಂದಿನ ಗುಡ್ಡದ ನೆತ್ತಿಯ ಕವಿಶೈಲದಲ್ಲಿ ಸಮಾಧಿ ಇದೆ. ತೀರ್ಥಹಳ್ಳಿ ಕಡೆ ಹೋದರೆ ಕುಪ್ಪಳಿಯ ಹಳೆಯ ತೊಟ್ಟಿಮನೆಯನ್ನೂ ನೋಡಿ ಬನ್ನಿ. ಈಗ ಅದು ‘ಕವಿಮನೆ’ ಎಂಬ ವಸ್ತುಸಂಗ್ರಹಾಲಯ. ಒಳಗೆ ಅಡುಗೆಮನೆಯ ಪಾತ್ರೆ ಪರಟಿ, ಬೇಸಾಯದ ಸಾಮಾನು, ಪುಸ್ತಕ, ಚಿತ್ರಗಳು ಇವೆ. ಕುವೆಂಪು, ಹೇಮಾವತಿಯವರ ಮದುವೆಯ ಮಂಟಪವನ್ನೂ ಹಾಗೇ ಕಾಪಾಡಿ ಇಟ್ಟಿದ್ದಾರೆ.