ಕಾರ್ಗೋ ಕಳಚಿದರೂ ಜೊತೆಗೇ ಬರುತ್ತದೆ!

ಚೆನ್ನೈ ಮಕ್ಕಳಿಗೆ ರಾಕೆಟ್ ಹುಚ್ಚು ಹತ್ತಿದರೆ ಆಶ್ಚರ್ಯವಿಲ್ಲ. ಇಸ್ರೋ ರಾಕೆಟ್ ಹಾರಿಸುವ ಶ್ರೀಹರಿಕೋಟಾ ಇಲ್ಲಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ಅಷ್ಟೆ, ಆಕಾಶ ತಿಳಿಯಾಗಿದ್ದರೆ ಪಿಎಸ್‌ಎಲ್‌ವಿ ಏರುವುದು ಮನೆಯ ತಾರಸಿಯಿಂದಲೇ ಕಾಣುತ್ತದೆ. ‘ಸ್ಪೇಸ್‌ಫ್ಲೈಟ್ ಸಿಮ್ಯುಲೇಟರ್’, ‘ಕರ್ಬಲ್ ಸ್ಪೇಸ್ ಪ್ರೋಗ್ರಾಮ್’ ಆಡುವವರು ರಾಕೆಟ್ ಹಾರಿಸುವುದನ್ನೇನೋ ಬೇಗ ಕಲಿಯುತ್ತಾರೆ. ತಕರಾರು ಶುರುವಾಗುವುದು ಕಕ್ಷೆ ಸೇರಿದ ಮೇಲೆ, ಹೊತ್ತೊಯ್ದ ಕಾರ್ಗೋವನ್ನು ‘ಅನ್‌ಡಾಕ್’ ಮಾಡಿ, ಎಂದರೆ ನೌಕೆಯಿಂದ ಕಳಚಿ, ಬಿಡುವಾಗ. ‘ಅನ್‌ಡಾಕ್ ಒತ್ತಿದೆ, ಏನೂ ಆಗಲೇ ಇಲ್ಲ, ಗೇಮ್ ಕೆಟ್ಟಿದೆ’ ಎಂಬ ದೂರು ಆಗ ಬರುತ್ತದೆ. ಗೇಮ್ ಕೆಟ್ಟಿರುವುದಿಲ್ಲ.

ತಪ್ಪು ಕಲ್ಪನೆ: ಕೈಬಿಟ್ಟ ವಸ್ತು ಕೆಳಗೆ ಬೀಳುತ್ತದೆ, ಇಲ್ಲವೇ ಹಿಂದೆ ಉಳಿಯುತ್ತದೆ.

ಬೀಚ್–ತಾಂಬರಂ ಲೋಕಲ್ ಟ್ರೈನಿನ ಬಾಗಿಲಿಂದ ಚೀಲ ಜಾರಿದರೆ ಹಿಂದೆ ಉಳಿಯುತ್ತದೆ, ನಿಜ. ಅದನ್ನು ತಡೆದು ನಿಲ್ಲಿಸುವುದು ಗಾಳಿ ಮತ್ತು ನೆಲ. ಆದರೆ ಕಕ್ಷೆಯಲ್ಲಿ, ಉದಾಹರಣೆಗೆ 475 ಕಿ.ಮೀ. ಎತ್ತರದಲ್ಲಿ, ನೆಲವಿಲ್ಲ, ಗಾಳಿ ಇದ್ದೂ ಇಲ್ಲದಷ್ಟು. ನೌಕೆ ಸೆಕೆಂಡಿಗೆ ಸುಮಾರು 7.6 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಅದರಿಂದ ಕಳಚಿದ ಕಾರ್ಗೋಗೂ ಅದೇ ವೇಗ, ಅದೇ ಕಕ್ಷೆ. ಹಾಗೆಂದು ಅಲ್ಲಿ ಗುರುತ್ವವೇ ಇಲ್ಲವೆಂದಲ್ಲ. ನೆಲದ ಮೇಲಿನದರ ಸುಮಾರು ಶೇಕಡಾ 87ರಷ್ಟು ಗುರುತ್ವ ಅಲ್ಲಿಯೂ ಇದೆ. ನೌಕೆ, ಕಾರ್ಗೋ ಎರಡೂ ಒಟ್ಟೊಟ್ಟಿಗೆ ಭೂಮಿಯ ಸುತ್ತ ‘ಬೀಳುತ್ತಲೇ’ ಇರುತ್ತವೆ. 2008ರ ನವೆಂಬರಿನಲ್ಲಿ ಅಂತರಿಕ್ಷ ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದ ಗಗನಯಾತ್ರಿಯೊಬ್ಬರ ಸಲಕರಣೆ ಚೀಲ ಕೈತಪ್ಪಿತು. ಅದು ಭೂಮಿಯನ್ನು ಸುತ್ತುತ್ತಲೇ ಇದ್ದು, ಮರುವರ್ಷದ ಆಗಸ್ಟಿನಲ್ಲಷ್ಟೇ ವಾತಾವರಣಕ್ಕೆ ಬಿದ್ದು ಉರಿದುಹೋಯಿತು.

ತಪ್ಪು ಕಲ್ಪನೆ: ಯಾವ ಕಡೆ ತಳ್ಳಿದರೆ ಆ ಕಡೆಗೇ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ರುಚಿಸುವ ಭಾಗ ಇದು. ಅದೇ 475 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಒಂದು ಸುತ್ತು ಬರಲು ಸುಮಾರು 94 ನಿಮಿಷ ಬೇಕು. ಕಾರ್ಗೋವನ್ನು ಸಾಗುವ ದಿಕ್ಕಿನಲ್ಲೇ, ಸೆಕೆಂಡಿಗೆ ಬರೀ 10 ಸೆಂ.ಮೀ. ವೇಗದಲ್ಲಿ ಮುಂದಕ್ಕೆ ತಳ್ಳಿ ನೋಡಿ. ಮೊದಲು ಮುಂದೆ ಹೋದಂತೆ ಕಾಣುತ್ತದೆ. ಆದರೆ ಹೆಚ್ಚಿದ ವೇಗ ಅದರ ಕಕ್ಷೆಯನ್ನು ದೊಡ್ಡದು ಮಾಡುವುದರಿಂದ ಸುತ್ತು ಮುಗಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ಸುತ್ತಾಗುವಷ್ಟರಲ್ಲಿ ಅದು ನಿಮಗಿಂತ ಸುಮಾರು 1.7 ಕಿ.ಮೀ. ಹಿಂದೆ! ಅದೇ ವೇಗದಲ್ಲಿ ನೇರ ಭೂಮಿಯತ್ತ ತಳ್ಳಿದರೋ, ಇನ್ನೂ ಸೋಜಿಗ: ನಿಮ್ಮ ಆಸುಪಾಸಿನಲ್ಲೇ ಒಂದು ಮೊಟ್ಟೆಯಾಕಾರದ ಸುತ್ತು ಹಾಕಿ, 94 ನಿಮಿಷಕ್ಕೆ ಸರಿಯಾಗಿ ವಾಪಸು ಬಂದು ನಿಮ್ಮ ನೌಕೆಗೇ ಬಡಿಯಬಹುದು. ಬೇಡವೆಂದು ಬಿಟ್ಟ ಇಂಧನದ ಟ್ಯಾಂಕು ಸ್ವಲ್ಪ ಹೊತ್ತಿನ ನಂತರ ಎದುರು ಬಂದು ನಿಂತರೆ ಆಟಗಾರರು ಗಾಬರಿಯಾಗುವುದು ಈ ಲೆಕ್ಕ ತಿಳಿಯದೆ.

ತಪ್ಪು ಕಲ್ಪನೆ: ಅನ್‌ಡಾಕಿಂಗ್ ಎಂದರೆ ಒಂದು ಗುಂಡಿ.

ಆಟದಲ್ಲಿ ಹೌದು. ನಿಜದಲ್ಲಿ ಹಾಗಲ್ಲ; ಇಸ್ರೋದ ಉಪಗ್ರಹ ಜೋಡಣೆಯ ಪ್ರಯೋಗವಾದ ಸ್ಪೇಡೆಕ್ಸ್ ನೋಡಿ. ತಲಾ 220 ಕೆ.ಜಿ.ಯ ಎರಡು ಉಪಗ್ರಹಗಳು 2024ರ ಡಿಸೆಂಬರ್ 30ರ ರಾತ್ರಿ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ60ರಲ್ಲಿ ಹೋದವು. 2025ರ ಜನವರಿ 16ರಂದು ಜೋಡಣೆಯಾಯಿತು. ಬೇರ್ಪಡಿಸಿದ್ದು ಮಾರ್ಚ್ 13ರಂದು. ಆವತ್ತು ಮೊದಲು ಒಂದು ಉಪಗ್ರಹದ ಡಾಕಿಂಗ್ ಭಾಗ ಹೊರಚಾಚಿತು, ಹಿಡಿದಿಟ್ಟಿದ್ದ ಲಿವರ್‌ಗಳು ಒಂದೊಂದಾಗಿ ಸಡಿಲಗೊಂಡವು, ಕೊನೆಗೆ ‘ಬಿಡು’ ಎಂಬ ಆದೇಶ ಎರಡೂ ಉಪಗ್ರಹಗಳಿಗೆ ಹೋಯಿತು. ಬೆಂಗಳೂರು, ಲಖನೌ, ಮಾರಿಷಸ್‌ಗಳ ಕೇಂದ್ರಗಳು ಕಣ್ಣಿಟ್ಟಿದ್ದವು. ಮೊದಲ ಯತ್ನದಲ್ಲೇ ಯಶಸ್ಸು. ಕಳಚುವ ಕೆಲಸ ಅಚ್ಚುಕಟ್ಟಾಗಿ ಆಗಿದ್ದರಿಂದಲೇ ಏಪ್ರಿಲ್ 20ರಂದು ಅವೇ ಎರಡನ್ನು ಮತ್ತೆ ಜೋಡಿಸಲಾಯಿತು.

ಭಾಗಗಳನ್ನು ಬೇರ್ಪಡಿಸುವ ಡಿಕಪ್ಲರ್ ಮತ್ತು ಮತ್ತೆ ಮತ್ತೆ ಜೋಡಿಸಿ ಕಳಚಬಲ್ಲ ಡಾಕಿಂಗ್ ಪೋರ್ಟ್ ಒಂದೇ ಎಂಬ ನಂಬಿಕೆಯೂ ಆಟಗಾರರಲ್ಲಿದೆ. ಅಲ್ಲ. ಡಿಕಪ್ಲರ್ ಒಮ್ಮೆ ಸಿಡಿದರೆ ಮುಗಿಯಿತು, ಮತ್ತೆ ಕೂಡಿಸಲಾಗದು.

ಇನ್ನು ‘ಅಲ್ಲಿ ತೂಕವೇ ಇಲ್ಲ, ಕಾರ್ಗೋ ಬಿಟ್ಟರೆ ನೌಕೆಗೇನು?’ ಎನ್ನುವವರಿಗೆ: ತೂಕ ತಿಳಿಯದಿರಬಹುದು, ದ್ರವ್ಯರಾಶಿ ಎಲ್ಲಿಗೂ ಹೋಗಿಲ್ಲ. ಒಂದು ಪಕ್ಕದ ಕಾರ್ಗೋ ಕಳಚಿದರೆ ನೌಕೆಯ ದ್ರವ್ಯರಾಶಿಯ ಕೇಂದ್ರ ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ. ಎಂಜಿನ್ನಿನ ನೂಕುಬಲ ಆಮೇಲೆ ಆ ಕೇಂದ್ರದ ಮೂಲಕ ಹಾಯುವುದಿಲ್ಲ. ನೌಕೆ ಗಿರಗಿರನೆ ತಿರುಗುತ್ತದೆ.

ಆಟವೇ ಅಂತಿಮ ಸತ್ಯ ಎಂದೂ ತಿಳಿಯಬೇಡಿ. ಕರ್ಬಲ್ ಲೋಕದ ‘ಭೂಮಿ’ಯ ತ್ರಿಜ್ಯ 600 ಕಿ.ಮೀ., ನಮ್ಮದು 6,371. ಅಲ್ಲಿ ಕಕ್ಷೆ ಸೇರುವುದು ಬಲು ಅಗ್ಗ.

ಇಷ್ಟು ತಿಳಿದ ಮೇಲೆ, ಮುಂದಿನ ಸಲ ಆಡುವಾಗ ಕಾರ್ಗೋಗೆ ತನ್ನದೇ ನಿಯಂತ್ರಣ ಘಟಕ, ಬ್ಯಾಟರಿ ಇದೆಯೇ ಎಂದು ನೆಲದ ಮೇಲಿರುವಾಗಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಕಳಚಿದ ಕ್ಷಣವೇ ಅದು ಬಾಹ್ಯಾಕಾಶದ ಕಸ. ಅನ್‌ಡಾಕ್ ಒತ್ತಿದ ಮೇಲೆ ಮುಖ್ಯ ಎಂಜಿನ್ ಮುಟ್ಟದೆ, ಸಣ್ಣ ಥ್ರಸ್ಟರ್‌ಗಳಲ್ಲಿ ಮೆಲ್ಲಗೆ ಹಿಂದೆ ಸರಿಯಿರಿ.