ಬಿಸಿಲುನಾಡಿನಲ್ಲಿ ಅಂಗೈಯಗಲದ ಚಿತ್ರಮಂದಿರ

2012ರಲ್ಲಿ ಬ್ರಿಟನ್ನಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಅಂಗೈಯಗಲದ ಗಣಕ. ಕೋಡಿ ಎಂಬ ತಂತ್ರಾಂಶವನ್ನು ಅದರಲ್ಲಿ ಅಳವಡಿಸಿದರೆ, ನಾವು ಕೂಡಿಟ್ಟ ಹಾಡು, ಚಲಚ್ಚಿತ್ರ, ಮದುವೆಯ ಚಿತ್ರಗಳೆಲ್ಲ ಮನೆಯ ಟೆಲಿವಿಷನ್ನಿನಲ್ಲಿ ಮೂಡುತ್ತವೆ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಬೇಸಗೆಗೆ ಮನುಷ್ಯರಂತೆ ಈ ಪುಟ್ಟ ಯಂತ್ರವೂ ಬಳಲುವುದೆಂಬುದನ್ನು ವಾಚಕರು ಮರೆಯಲಾಗದು.

ಅದರ ಪ್ರೊಸೆಸರಿನ ಕಾವು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ, ಆತ್ಮರಕ್ಷಣೆಗಾಗಿ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪರದೆಯ ಮೇಲೆ ಚಿತ್ರ ತಡವರಿಸತೊಡಗುತ್ತದೆ. ಲೋಹದ ಹೀಟ್‌ಸಿಂಕನ್ನು ಅಂಟಿಸಿ, ಸಿಮೆಂಟಿನ ಧೂಳು ಸೋಕದ, ಗಾಳಿಯಾಡುವ ತಾವಿನಲ್ಲಿರಿಸುವುದೇ ಮೊದಲ ಉಪಾಯ. ಚಲಚ್ಚಿತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವಂಥವು. ಪರದೆಯ ರಿಫ್ರೆಶ್ ದರವನ್ನು ಅದಕ್ಕೆ ಸರಿಹೊಂದಿಸುವ ಆಯ್ಕೆ ಕೋಡಿಯ ಸೆಟ್ಟಿಂಗಿನಲ್ಲಿಯೇ ಉಂಟು. ಟೆಲಿವಿಷನ್ ಅದಕ್ಕೆ ಒಗ್ಗಿದರೆ ದೃಶ್ಯದ ಕುಲುಕಾಟ ನೀಗುವುದು.

ಹೊಸ ಆವೃತ್ತಿಯನ್ನು ಏರಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಡುವೆ ವಿದ್ಯುತ್ತು ಹೋದರೆ ಮೆಮೊರಿ ಕಾರ್ಡಿನ ಬರಹ ಅರ್ಧಕ್ಕೇ ನಿಂತು, ಯಂತ್ರ ಮತ್ತೆ ಏಳದೆಯೇ ಹೋಗಬಹುದು. ಆದುದರಿಂದ ಇನ್ವರ್ಟರಿನ ಆಸರೆಯಲ್ಲಿ, ಎಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿರಿಸಿದ ಬಳಿಕವೇ ಆ ಕಾರ್ಯಕ್ಕೆ ತೊಡಗುವುದು ಲೇಸು. ಕೆಟ್ಟ ತಂತ್ರಾಂಶವನ್ನು ಮರಳಿ ತರಬಹುದು. ಶಹಾಬಾದಿ ಹಾಸುಗಲ್ಲಿನ ಪಡಸಾಲೆಯಲ್ಲಿ ಅಜ್ಜಿ ಹಾಡಿದ ಸೋಬಾನದ ಒಂದೇ ಒಂದು ಧ್ವನಿಮುದ್ರಣ ಅಳಿದರೆ, ಅದನ್ನು ಎಲ್ಲಿಂದ ತರೋಣ?