ಕಾಲು ಜಿರಳೆಯದು, ದಾರಿ ಕಣಜದ್ದು

ಕಿಟಕಿಯ ಸಂದಿಯಲ್ಲೋ ಬಾಗಿಲ ಹಿಂದಿನ ಮೂಲೆಯಲ್ಲೋ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುವುದನ್ನು ನೀವೂ ನೋಡಿರುತ್ತೀರಿ. ಚಿಕ್ಕಂದಿನಲ್ಲಿ ಅಂಥದೊಂದು ಗೂಡನ್ನು ಕಡ್ಡಿಯಿಂದ ಒಡೆದಿದ್ದೆ. ಒಳಗೆ ಏಳೆಂಟು ಹಸಿರು ಕೀಡೆಗಳು ಒತ್ತೊತ್ತಾಗಿ ತುಂಬಿಕೊಂಡಿದ್ದವು. ಸತ್ತಿವೆ ಅಂದುಕೊಂಡು ಒಂದನ್ನು ಮುಟ್ಟಿದರೆ ಸಣ್ಣಗೆ ಮಿಸುಕಿತು. ಜೀವವಿತ್ತು, ಓಡುವ ಶಕ್ತಿಯಿರಲಿಲ್ಲ. ಮನೆಯ ಹಿರಿಯರು ಕಥೆ ಹೇಳಿದರು: ಕುಂಬಾರ ಹುಳು ಕೀಡೆಯನ್ನು ಹಿಡಿದು ತಂದು ಕುಟುಕುತ್ತಲೇ ಇರುತ್ತದೆ, ಕೀಡೆ ಹೆದರಿ ಅದನ್ನೇ ನೆನೆದೂ ನೆನೆದೂ ಕೊನೆಗೆ ತಾನೇ ಕುಂಬಾರ ಹುಳುವಾಗಿ ಹಾರಿಹೋಗುತ್ತದೆ. ವೇದಾಂತಿಗಳು ಇದನ್ನು ಭ್ರಮರ-ಕೀಟ ನ್ಯಾಯ ಎಂದು ಕರೆದು, ಮನುಷ್ಯ ಧ್ಯಾನಿಸಿದ್ದೇ ತಾನಾಗುತ್ತಾನೆ ಎಂಬುದಕ್ಕೆ ದೃಷ್ಟಾಂತ ಮಾಡಿಕೊಂಡರು.

ಹಿರಿಯರು ಕಂಡದ್ದೇನೋ ನಿಜ. ಗೂಡಿನೊಳಗೆ ಹೋದದ್ದು ಕೀಡೆ, ಹೊರಗೆ ಬಂದದ್ದು ಕುಂಬಾರ ಹುಳು. ಅವರ ಕಣ್ಣಿಗೆ ಬೀಳದೆ ಉಳಿದದ್ದು ಒಂದು ಪುಟ್ಟ ಮೊಟ್ಟೆ. ಗೂಡಿನಲ್ಲಿ ಮೊಟ್ಟೆಯಿಟ್ಟ ತಾಯಿ, ಮರಿಯ ಊಟಕ್ಕೆಂದು ಕೀಡೆಗಳನ್ನು ಕುಟುಕಿ ತಂದು ತುಂಬಿಸಿರುತ್ತದೆ. ಸತ್ತ ಕೀಡೆ ಕೊಳೆಯುತ್ತದೆ. ಹಾಗಾಗಿ ಜೀವ ಇರಬೇಕು, ಓಡಾಟ ಇರಕೂಡದು.

ಕೀಡೆ ಹಗುರ, ಹೊತ್ತು ತರಬಹುದು. ಬೇಟೆ ತನಗಿಂತ ದೊಡ್ಡದಾಗಿದ್ದರೆ?

ಪಚ್ಚೆಯ ಬಣ್ಣದಲ್ಲಿ ಹೊಳೆಯುವ ಒಂದು ಕಣಜಕ್ಕೆ ಎದುರಾದದ್ದು ಇದೇ ತೊಡಕು. ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾ, ಆಫ್ರಿಕಾಗಳ ಬಿಸಿನಾಡುಗಳಲ್ಲಿ ಬದುಕುವ ಇದಕ್ಕೆ ‘ಜ್ಯುವೆಲ್ ವಾಸ್ಪ್’ ಎಂದು ಹೆಸರು. ಉದ್ದ ಸುಮಾರು 2 ಸೆಂಟಿಮೀಟರ್. ಇದರ ಬೇಟೆ, ನಮ್ಮ ಬಚ್ಚಲುಮನೆಯಲ್ಲಿ ರಾತ್ರಿ ಓಡಾಡುವ ದೊಡ್ಡ ಜಿರಳೆ. ಕಣಜ ಮೊದಲು ಅದರ ಎದೆಗೆ ಕುಟುಕುತ್ತದೆ. ಮುಂಗಾಲುಗಳು ಒಂದೆರಡು ನಿಮಿಷ ಸೋಲುತ್ತವೆ. ಆ ಹೊತ್ತಿನಲ್ಲೇ ಕತ್ತಿನ ಮೆತ್ತನೆಯ ಚರ್ಮದ ಮೂಲಕ ಮುಳ್ಳನ್ನು ತಲೆಯೊಳಗೆ ಇಳಿಸಿ, ತಡಕಿ, ನೇರವಾಗಿ ಮೆದುಳಿಗೇ ವಿಷ ಹಾಕುತ್ತದೆ.

ಆಮೇಲೆ ಜಿರಳೆ ಅರ್ಧ ಗಂಟೆ ಮೈ ಉಜ್ಜಿಕೊಳ್ಳುತ್ತ ನಿಲ್ಲುತ್ತದೆ, ಬಳಿಕ ಸುಮ್ಮನಾಗುತ್ತದೆ. ಕಣಜ ಬಂದು ಅದರ ಮೀಸೆಗಳನ್ನು ಅರ್ಧಕ್ಕೆ ಕತ್ತರಿಸಿ, ಒಸರುವ ರಸ ಹೀರುತ್ತದೆ. ಉಳಿದ ತುಂಡನ್ನು ಬಾಯಲ್ಲಿ ಹಿಡಿದು, ದನವನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋಗುವಂತೆ ತನ್ನ ಬಿಲಕ್ಕೆ ಕರೆದೊಯ್ಯುತ್ತದೆ. ಜಿರಳೆ ತನ್ನ ಆರು ಕಾಲುಗಳ ಮೇಲೆ ತಾನೇ ನಡೆದು ಹೋಗುತ್ತದೆ! ಬಿಲದಲ್ಲಿ ಅದರ ಕಾಲಿಗೆ ಒಂದು ಮೊಟ್ಟೆ ಅಂಟಿಸಿ, ಬಿಲದ ಬಾಯಿಗೆ ಕಲ್ಲುಚೂರು ಮುಚ್ಚಿ ಕಣಜ ಹೊರಟುಹೋಗುತ್ತದೆ. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದ ಮರಿ ಜಿರಳೆಯ ಮೈ ಕೊರೆದು ಒಳಗೆ ಸೇರುತ್ತದೆ.

ಇಸ್ರೇಲಿನ ಬೆನ್‌ಗುರಿಯನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಲಿಬರ್ಸಾಟ್ ಮತ್ತು ಸಂಗಡಿಗರು ವರ್ಷಗಟ್ಟಲೆ ಈ ಕಣಜದ ಬೆನ್ನು ಹತ್ತಿದರು. ಮೆದುಳು ತೆಗೆದ ಜಿರಳೆಯನ್ನು ಮುಂದಿಟ್ಟರೆ, ಕಣಜ ಮುಳ್ಳನ್ನು ಒಳಗಿಟ್ಟು ಬಹಳ ಹೊತ್ತು ಹುಡುಕುತ್ತಲೇ ಇತ್ತು. ಅದರ ಮುಳ್ಳಿಗೆ ಮೆದುಳಿನ ಸ್ಪರ್ಶ ಗೊತ್ತು. ಕುಟುಕಿಸಿಕೊಂಡ ಜಿರಳೆಯ ಕಾಲಾಗಲಿ ಸ್ನಾಯುವಾಗಲಿ ಕೆಟ್ಟಿರುವುದಿಲ್ಲ, ನೀರಿಗೆ ಹಾಕಿದರೆ ಈಜುತ್ತದೆ. ಆದರೆ ತಾನಾಗಿ ಹೆಜ್ಜೆ ಎತ್ತುವ ಮನಸ್ಸೇ ಅದಕ್ಕೆ ಬರುವುದಿಲ್ಲ. ನಡಿಗೆಗೆ ಹುರಿದುಂಬಿಸುವ ಆಕ್ಟೋಪಮೈನ್ ಎಂಬ ರಾಸಾಯನಿಕದ ಕೆಲಸ ಮೆದುಳಿನಲ್ಲಿ ಕುಗ್ಗಿರುವುದೇ ಇದಕ್ಕೆ ಕಾರಣ ಎಂದು ಅವರು ತೋರಿಸಿದರು. ಆಕ್ಟೋಪಮೈನಿನಂತೆ ಕೆಲಸ ಮಾಡುವ ವಸ್ತುವನ್ನು ಕೊಟ್ಟಾಗ ಜಿರಳೆ ಮತ್ತೆ ನಡೆಯಿತು. ಮೊಟ್ಟೆಯಿಡದೆ ಬಿಟ್ಟರೆ ವಿಷದ ಅಮಲು ವಾರದೊಳಗೆ ಇಳಿದು ಜಿರಳೆ ಮೊದಲಿನಂತಾಗುತ್ತದೆ.

ನನ್ನನ್ನು ಬಿಡದೆ ಕಾಡುವ ಸಂಗತಿ ಇದು. ಪರಾವಲಂಬಿ ಹೊಸ ವಿದ್ಯೆ ಯಾವುದನ್ನೂ ಕಲಿಸುವುದಿಲ್ಲ. ಆಶ್ರಯ ಕೊಟ್ಟ ಜೀವಿಗೆ ಮೊದಲೇ ಬರುವ ಕೆಲಸವನ್ನು ತನ್ನ ಲಾಭಕ್ಕೆ ತಿರುಗಿಸಿಕೊಳ್ಳುತ್ತದೆ.

ಎಲೆ ಕಚ್ಚಿದ ಗೊದ್ದ

ಗೊದ್ದಕ್ಕೆ ಕಚ್ಚುವುದು ಹುಟ್ಟುಗುಣ. ಥಾಯ್ಲೆಂಡಿನ ಕಾಡುಗಳಲ್ಲಿ ಗೊದ್ದದ ಜಾತಿಯ ಇರುವೆಗಳ ಮೈಗೆ ಒಫಿಯೋಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಹೊಗುತ್ತದೆ. ಮರದ ಮೇಲಿನ ಗೂಡು ಬಿಟ್ಟು ಇರುವೆ ತೂರಾಡುತ್ತ ಕೆಳಗಿಳಿದು, ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲಿ, ಎಲೆಯ ಅಡಿಭಾಗದ ನರವನ್ನು ಗಟ್ಟಿಯಾಗಿ ಕಚ್ಚುತ್ತದೆ. ಕಚ್ಚಿದ ಹಿಡಿ ಸತ್ತ ಮೇಲೂ ಸಡಿಲುವುದಿಲ್ಲ. ಶಿಲೀಂಧ್ರ ಬೆಳೆಯಲು ಬೇಕಾದ ತೇವ, ತಂಪು ಅಲ್ಲಿದೆ. ಕೆಲ ದಿನಗಳಲ್ಲಿ ಇರುವೆಯ ತಲೆಯ ಹಿಂದಿನಿಂದ ಒಂದು ಕಾಂಡ ಮೇಲೆದ್ದು, ಕೆಳಗೆ ಹಾದುಹೋಗುವ ಇರುವೆಗಳ ದಾರಿಗೆ ಬೀಜಕಣ ಉದುರಿಸುತ್ತದೆ. 2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಸೋಂಕಿದ ಇರುವೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಶಿಲೀಂಧ್ರ ಸ್ನಾಯುಗಳ ಸುತ್ತ ಬಲೆ ಹೆಣೆದಿತ್ತು, ಮೆದುಳಿನೊಳಗೆ ಮಾತ್ರ ಹೊಕ್ಕಿರಲಿಲ್ಲ. ಈ ಆಟ ಬಲು ಹಳೆಯದು. ಜರ್ಮನಿಯ ಮೆಸೆಲ್‌ನಲ್ಲಿ ಸಿಕ್ಕ 4.8 ಕೋಟಿ ವರ್ಷ ಹಿಂದಿನ ಎಲೆಯ ಪಳೆಯುಳಿಕೆಯಲ್ಲೂ ಇಂಥದೇ ಹಲ್ಲಿನ ಗುರುತುಗಳಿವೆ.

ಕಚ್ಚುವುದು ನಾಯಿಗೂ ಗೊತ್ತು

ಇಷ್ಟು ದೂರದ ಕಥೆ ನಮ್ಮ ಬೀದಿಗೆ ಬರುವುದು ರೇಬೀಸ್ ರೂಪದಲ್ಲಿ. ಕಡಿದ ಗಾಯದಿಂದ ಹೊಕ್ಕ ವೈರಸ್ ನರಗಳ ಗುಂಟ ನಡೆದು ಮೆದುಳು ಸೇರುತ್ತದೆ, ಅಲ್ಲಿಂದ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಗಂಟಲು ಬಿಗಿದು ಜೊಲ್ಲು ನುಂಗಲಾಗದೆ ಬಾಯಲ್ಲೇ ನಿಲ್ಲುತ್ತದೆ. ಅದೇ ಹೊತ್ತಿಗೆ ಸಾಧು ನಾಯಿಯೂ ಸಿಕ್ಕವರ ಮೇಲೆ ಎರಗುತ್ತದೆ. ವೈರಸ್ಸಿಗೆ ಬೇಕಾದದ್ದೂ ಅದೇ: ತುಂಬಿದ ಜೊಲ್ಲು, ಕಡಿಯುವ ಹಲ್ಲು. ಹುಚ್ಚುನಾಯಿ ಎಂದು ನಾವು ಕಲ್ಲೆತ್ತುವ ಪ್ರಾಣಿಯೂ ಈ ರೋಗದ ಬಲಿಯೇ.

ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದರಷ್ಟು ಭಾರತದಲ್ಲೇ ಆಗುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಜಿರಳೆಗೆ ಸಿಗದ ಒಂದು ವರ ನಮಗೆ ಸಿಕ್ಕಿದೆ, ಅದು ಸಮಯ. ಗಾಯದಿಂದ ಮೆದುಳಿಗೆ ವೈರಸ್ ತಲುಪಲು ಸಾಮಾನ್ಯವಾಗಿ ವಾರಗಳು, ತಿಂಗಳುಗಳೇ ಹಿಡಿಯುತ್ತವೆ. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಟ್ಟು ಉಳಿಸಿದ್ದು ಈ ಬಿಡುವಿನಲ್ಲೇ.

ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಿ ಕಾಲ ಕಳೆಯಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸದೆ ಲಸಿಕೆ ಹಾಕಿಸಿಕೊಳ್ಳಿ. ಪರಚಿದ ಗಾಯವಾದರೂ ಸರಿ. ನಾಯಿ ಕಚ್ಚಿದ್ದನ್ನು ಬೈಗುಳಕ್ಕೆ ಹೆದರಿ ಮುಚ್ಚಿಡುವ ಮಕ್ಕಳಿರುತ್ತಾರೆ. ಅವರಿಗೆ ಇವತ್ತೇ ಒಂದು ಮಾತು ಹೇಳಿಡಿ: ಯಾರೂ ಬೈಯುವುದಿಲ್ಲ ಕಂದಾ, ಓಡಿ ಬಂದು ಹೇಳು.